ಕೊನೆಯ ಸಾಲಿನ ಹೆಸರು

ನನ್ನ ಮೊಮ್ಮಗನ ಬ್ಯಾಂಡಿನವರು ಊರೂರಲ್ಲಿ ಹಾಡುತ್ತಿರುವ ಆ ಪೇಟೆ ಹಾಡು ನಾನು ಕಟ್ಟಿದ್ದಲ್ಲ. ಕದ್ದದ್ದು. ಕದ್ದದ್ದಷ್ಟೇ ಆಗಿದ್ದರೆ — ಇಲ್ಲ, ಪೂರ್ತಿ ಹೇಳುತ್ತೇನೆ.

ಮೊನ್ನೆ ಹಾಸನದಲ್ಲಿ ಅವನು ಗಿಟಾರು ಹಿಡಿದು ಅದನ್ನು ಕೂಗಿ ಹಾಡಿದ. ಕೊನೆಗೆ ‘ನುಗ್ಗೇಹಳ್ಳಿ ರಂಗಿ’ ಅಂತ ನನ್ನ ಹೆಸರು ಬಂದಾಗ ಜನವೆಲ್ಲ “ರಂಗಜ್ಜಿ! ರಂಗಜ್ಜಿ!” ಅಂದರು. ಮಂಡಿನೋವು ಮರೆತು ಎದ್ದು ಕುಣಿದುಬಿಟ್ಟೆ, ಅಷ್ಟು ಹಿಗ್ಗು. ಈಗ ನೆನೆದರೂ ಎದೆ ಉಬ್ಬುತ್ತದೆ — ಅದೇ ನಾಚಿಕೆ. ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಅರವತ್ತರ ದಶಕ. ಹಾಸನದಲ್ಲಿ ಸಾಹುಕಾರರೊಬ್ಬರ ಮನೆಗೆ ತಾರಸಿ ಹಾಕುತ್ತಿದ್ದರು. ಹರಡಿದ ಸುಣ್ಣದ ಗಾರೆಯನ್ನು ನಾವು ಹೆಂಗಸರು ಎದುರುಬದುರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನವೆಲ್ಲ ಬಡಿಯಬೇಕು. ಏಟು ಒಂದೇ ಸಮ ಬೀಳಲಿ ಅಂತ ಹಾಡು. ಮುಂದಾಳಾಗಿ ಹೇಳಿಕೊಡುತ್ತಿದ್ದವಳು ದುದ್ದದ ಚಿಕ್ಕತಾಯಿ. ನನಗೆ ಗಾರೆ ಕೆಲಸ ಕಲಿಸಿದವಳು, ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟವಳು. ಅವಳೇ ಕಟ್ಟಿದ್ದು:

ಪ್ಯಾಟೆ ಮಾಳ್ಗೆ ಬಡದೋಳಿಗೆ ಮಲಗೋಕ್ ಮೂಲೆ ಇಲ್ಲ,
ಮೇಸ್ತ್ರಿ ಹೊಟ್ಟೆ ಮಾಳ್ಗೆಗಿಂತ ಎತ್ತರಾಯ್ತಲ್ಲ!

ಹಾಡಿನ ಕೊನೆಗೆ ಕಟ್ಟಿದವರ ಹೆಸರು ಬರಬೇಕು, ಅದು ನಮ್ಮ ಪದ್ಧತಿ. ಆದರೆ ಮೇಸ್ತ್ರಿ ಏಣಿ ಹತ್ತಿ ಬಂದರೆ ಆ ಹೆಸರಿನ ಸಾಲನ್ನು ಯಾರೂ ಹಾಡಬಾರದು — ಅದು ಪದ್ಧತಿಗಿಂತ ದೊಡ್ಡ ಕಟ್ಟಳೆ.

ಒಂದು ಮಧ್ಯಾಹ್ನ ಅವನು ಸದ್ದಿಲ್ಲದೆ ಹತ್ತಿ ಬಂದು ಹೊಟ್ಟೆಯ ಸಾಲು ಕೇಳಿಬಿಟ್ಟ.

“ಯಾವಳೇ ಇದ್ನ ಕಟ್ದೋಳು? ಯಾರಂತ ಏಳ್ದಿದ್ರೆ ನಾಳಿಂದ ಒಬ್ಳೂ ಏಣಿ ಅತ್ಬ್ಯಾಡಿ!”

ಎಲ್ಲರೂ ತಲೆ ತಗ್ಗಿಸಿ ಬಡಿಯುತ್ತಲೇ ಇದ್ದರು. ನಾನು — ನಾನು ಕೊನೆಯ ಸಾಲು ಹಾಡಿದೆ. ‘ದುದ್ದದ ಚಿಕ್ಕತಾಯಿ’ ಅಂತ, ರಾಗವಾಗಿ.

ಅವಳು ಕೊಡತಿ ಕೆಳಗಿಟ್ಟು ಎದ್ದಳು. “ರಾಗ ತಪ್ಲಿಲ್ಲ ಕಣೇ ರಂಗಿ. ಚೆಂದಾಗಂದೆ” ಅಂದವಳೇ ಏಣಿ ಇಳಿದು ಹೋದಳು. ಹಾಸನದ ಯಾವ ಮೇಸ್ತ್ರಿಯೂ ಮತ್ತೆ ಅವಳನ್ನು ಕರೆಯಲಿಲ್ಲ.

ಕೂಲಿ ತಪ್ಪುತ್ತದೆಂದು ಹೆದರಿದೆ ಅಂತ ಇಷ್ಟು ವರ್ಷ ನನಗೆ ನಾನೇ... ಸುಳ್ಳು. ಅವಳ ಜಾಗದ ಮೇಲೆ ನನಗೆ ಕಣ್ಣಿತ್ತು. ಮುಂದಿನ ಕಟ್ಟಡದಲ್ಲಿ ನಾನೇ ಮುಂದಾಳು. ಹಾಡು ಅದೇ, ಹೆಸರು ನನ್ನದು. ತೊಟ್ಟಿಲು ತೂಗುವಾಗಲೂ ಅದನ್ನೇ ಹಾಡಿದೆ, ಮೊಮ್ಮಗ ಕಲಿತ.

ಇವತ್ತು ಬೆಳಿಗ್ಗೆ ಅವನಿಗೆ ಹೇಳಿದೆ. “ಬಿಡಜ್ಜಿ, ಯಾವ್ ಕಾಲದ್ದೋ! ಯಾರ್ ಕೇಳ್ತಾರೆ ಈಗ?” ಅಂತ ನಕ್ಕ. ನಾನು ಬಿಡಲಿಲ್ಲ. ಅವರ ಮುಂದಿನ ಕಾರ್ಯಕ್ರಮ ಅರಕಲಗೂಡಿನಲ್ಲಿ; ಅಲ್ಲಿ ಅವಳ ಹೆಸರಿಟ್ಟೇ ಹಾಡಬೇಕು, ಇಲ್ಲದಿದ್ದರೆ ಜನರ ನಡುವೆ ಎದ್ದು ನಿಂತು ನಾನೇ ಕೂಗುತ್ತೇನೆ ಅಂದೆ. ಅವನ ನಗು ನಿಂತಿತು. ನನ್ನನ್ನು ಹೊಸಬಳಂತೆ ನೋಡಿದ.

ನಾಳೆ ದುದ್ದಕ್ಕೆ ಹೊರಟಿದ್ದೇನೆ. ಚಿಕ್ಕತಾಯಿ ಇದ್ದಾಳೋ ಇಲ್ಲವೋ — ವಿಚಾರಿಸುವ ಧೈರ್ಯವೂ ಇದುವರೆಗೆ ಬರಲಿಲ್ಲ. ಇದ್ದರೆ ಅವಳ ಮುಂದೆ, ಇಲ್ಲದಿದ್ದರೆ ಅವಳ ಮಕ್ಕಳ ಮುಂದೆ ಹೇಳಬೇಕು. ಬಾಗಿಲು ಹಾಕಿಕೊಂಡರೆ ಜಗಲಿಯ ಮೇಲೆ ಕೂತೇ ಹೇಳುತ್ತೇನೆ.