ಚಿಕ್ಕಪ್ಪನ ಕಾಲಿನ ಪಥ್ಯ

ಇದು ಹೀಗೆಯೇ ನಡೆಯಿತೆಂದು ನಾನು ಹೇಳಲಾರೆ. ಗದ್ದೆಯ ಬದುವಿನಲ್ಲಿ ಗಾಯದ ಸೊಪ್ಪು ಕಾಲಡಿ ನಲುಗಿ ಹಸಿ ವಾಸನೆ ಎದ್ದರೆ ಸಾಕು, ಪೂರಿಗಾಲಿಯ ನಮ್ಮ ಹಳೆಯ ಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ಆದರೆ ಅದರಲ್ಲಿ ನಾನೇ ಕಂಡದ್ದೆಷ್ಟು, ಆಮೇಲೆ ಯಾರೋ ಹೇಳಿದ್ದೆಷ್ಟು ಎಂದು ಬಿಡಿಸಲಾಗುವುದಿಲ್ಲ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಅನುಮಾನಪಡುವುದನ್ನು ಮಾತ್ರ.

ಕಬ್ಬು ಕಡಿದ ಗದ್ದೆಯಲ್ಲಿ ಬರಿಗಾಲಲ್ಲಿ ನಡೆದ ಚಿಕ್ಕಪ್ಪನಿಗೆ ಕೂಳೆ ಚುಚ್ಚಿ, ಬಲಗಾಲಿನ ಬೆರಳ ಬುಡ ಸೀಳಿತ್ತು. ಮಳವಳ್ಳಿಯ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕಿ, ಮಾತ್ರೆ ಕೊಟ್ಟು ಕಳಿಸಿದರು. ಮಿಕ್ಕಿದ್ದನ್ನು ಅಜ್ಜಿ ವಹಿಸಿಕೊಂಡಳು. ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಿನಲ್ಲಿ ಗಾಯ ತೊಳೆಯುವಳು, ಗಾಯದ ಸೊಪ್ಪಿಗೆ ಅರಿಶಿನ ಸೇರಿಸಿ ಅರೆದು ಸುತ್ತ ಹಚ್ಚುವಳು, ಕುದಿಸಿ ಬಿಸಿಲಲ್ಲಿ ಒಣಗಿಸಿದ ಹಳೆ ಸೀರೆಯ ಬಟ್ಟೆ ಕಟ್ಟುವಳು, ಕಾಲಿನ ಕೆಳಗೆ ಕಂಬಳಿ ಮಡಿಸಿಟ್ಟು ನೆಲಕ್ಕೆ ಊರಲು ಬಿಡಳು. ಇಷ್ಟರಲ್ಲಿ ನನಗೆ ಈಗಲೂ ದೊಡ್ಡ ತಕರಾರಿಲ್ಲ. ತಕರಾರು ನಂಜಿನದು. ಬದನೆ, ಕುಂಬಳ, ಮೀನು, ಮಾಂಸ, ಮೊಟ್ಟೆ ಎಲ್ಲವೂ ನಂಜು, ತಿಂದರೆ ಗಾಯ ಕೀವು ಕಟ್ಟುತ್ತದೆ ಎಂಬುದು ಅಜ್ಜಿಯ ನಂಬಿಕೆ. ಅಡುಗೆಯ ಒಲೆ ಒಂದೇ ಆದ್ದರಿಂದ ಮನೆಮಂದಿಗೆಲ್ಲ ಮುದ್ದೆ, ಮೆಣಸಿನ ಸಾರು.

"ಸೀಳೋಗಿರೋದು ನನ್ ಕಾಲು. ಮನೆಗೆಲ್ಲ ಯಾಕವ್ವ ಈ ಪತ್ಯ?" ಎಂದು ಚಿಕ್ಕಪ್ಪ ಗೊಣಗಿದ.

"ಬ್ಯಾರೇರ್ ತಟ್ಟೇಲಿ ಮೀನ್ ಕಂಡ್ರೆ ನೀನ್ ಬುಟ್ಟೀಯೇನ್ಲಾ? ಮುಚ್ಕೊಂಡು ಉಣ್ಣು."

ಗಾಯ ಕೂಡಲಿಲ್ಲ. ಚಿಕ್ಕಪ್ಪನ ಕೆನ್ನೆ ಒಳಸೇರಿತು. ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು, ಹೀಗೇ ಆದರೆ ಎರಡು ಬೆರಳು ತೆಗೆಯಬೇಕಾದೀತು, ಮೊದಲು ಹೊಟ್ಟೆಗೆ ಸರಿಯಾಗಿ ಹಾಕಿ, ಮೊಟ್ಟೆ ಕೊಡಿ ಎಂದರಂತೆ. ಅದನ್ನು ಚಿಕ್ಕಮ್ಮ ಬಂದು ಹೇಳಿದ್ದಕ್ಕೆ ಅಜ್ಜಿ, "ಮೊಟ್ಟೆಗಿಟ್ಟೆ ಅಂತ ನನ್ ಒಲೆತಾವ್ಕೆ ಬಂದೀಯ, ಉಸಾರು" ಎಂದಳು.

ಆಮೇಲೆ ಗಾಯದ ಅಂಚು ನಸುಗೆಂಪಾಗಿ, ನಿಧಾನವಾಗಿ ಮುಚ್ಚಿಕೊಂಡಿತು. ಬೆರಳು ಉಳಿದವು. ಚಿಕ್ಕಪ್ಪ ಸಾಯುವವರೆಗೂ ಕಲೆ ತೋರಿಸಿ, "ನಮ್ಮವ್ವನ ಸೊಪ್ಪು ಕಣ್ಲಾ ಇದು" ಎನ್ನುತ್ತಿದ್ದ. ಅಜ್ಜಿಯೂ ಇಲ್ಲ, ಆ ಮನೆಯೂ ಇಲ್ಲ. ಆದರೆ ನನಗೊಂದು ಚಿತ್ರ ಉಳಿದಿತ್ತು: ಬಚ್ಚಲ ನೀರೊಲೆಯ ಮುಂದೆ ಅಜ್ಜಿ ಬಾಗಿಲಿಗೆ ಬೆನ್ನು ಹಾಕಿ ಕೂತು ಏನನ್ನೋ ಬೆಳ್ಳಗಿನದನ್ನು ಸುಲಿಯುತ್ತಿದ್ದಾಳೆ. ಗಾಯ ಮಾಯಲು ಪೌಷ್ಟಿಕ ಆಹಾರ ಬೇಕೆಂದು ಓದಿಕೊಂಡ ಮೇಲೆ ನನ್ನ ತಲೆಯೇ ಇದನ್ನು ಕಟ್ಟಿರಬೇಕೆಂದು ಬಹಳ ಕಾಲ ಅದನ್ನು ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಮದ್ದೂರಿನಲ್ಲಿ, ಮಗಳ ಮನೆಯಲ್ಲಿರುವ ಚಿಕ್ಕಮ್ಮನಿಗೆ ಅದನ್ನು ಹೇಳಿ, ನಿಜವೇ ಎಂದು ಕೇಳಿದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಊಂ ಕಣ್ಮಗ. ಅತ್ತೇನೇ ಮೊಟ್ಟೆ ಬೇಯ್ಸ್‌ತಿದ್ದುದ್ದು. ನಾನ್ ಕಂಡ್ಬುಡ್ತೀನಿ ಅಂತ ಸಿಪ್ಪೇನ ತಿಪ್ಪೆಗೂ ಆಕ್ದೆ ಒಲೆಗೇ ಆಕೋರು. ನಾನೂ ಕಾಣ್ದೋಳಂಗೆ ಇದ್ದೆ."