ಒಂದು ಗಂಟೆ ಮೊದಲೇ ಬಂದ ಇಬ್ಬರು

ಕಳ್ಳಿ ಗಿಡ ಬೆಳೆಸುವವರದೊಂದು ಗುಂಪು ಇಂಟರ್ನೆಟ್ಟಿನಲ್ಲಿದೆ. ಬ್ರೂಕ್‌ಫೀಲ್ಡ್ ಬಡಾವಣೆಯ ನಮ್ಮ ಬಾಲ್ಕನಿಯಲ್ಲಿ ಬೇರೆ ಯಾವ ಗಿಡವೂ ಉಳಿಯದಿದ್ದಾಗ ನಾನದನ್ನು ಸೇರಿದೆ. ಭಾನುವಾರ ಎಲ್ಲ ದೇಶದವರೂ ವಿಡಿಯೊ ಕರೆಯಲ್ಲಿ ಸೇರುತ್ತಾರೆ. ನಡೆಸುವವರು ಇಂಗ್ಲೆಂಡಿನ ಒಬ್ಬ ನಿವೃತ್ತ ಮೇಷ್ಟ್ರು, ಹಾಗಾಗಿ ಸಮಯವೂ ಅವರ ಊರಿನದು. ಅವರ ಮಧ್ಯಾಹ್ನ ನನಗೆ ಸಂಜೆ ಏಳು ಗಂಟೆ.

ಅಕ್ಟೋಬರ್ ಕೊನೆಯ ಭಾನುವಾರ ಏಳಕ್ಕೆ ಲ್ಯಾಪ್‌ಟಾಪ್ ತೆರೆದರೆ ಒಬ್ಬರೇ ಕೂತಿದ್ದರು. ಅಮೆರಿಕದ ಅರಿಜೋನಾದವರು, ಶಾಲೆಯ ಬಸ್ ಓಡಿಸಿ ನಿವೃತ್ತರಾದ ಮಹಿಳೆ.

“ಇಂಗ್ಲೆಂಡಲ್ಲಿ ಇವತ್ತು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದಾರೆ,” ಎಂದರು ಅವರು. “ನಮ್ಮೂರಲ್ಲಿ ಗಡಿಯಾರ ಮುಟ್ಟೋದಿಲ್ಲ.”

“ನಮ್ಮಲ್ಲೂ ಮುಟ್ಟಲ್ಲ.”

ಇನ್ನೊಂದು ಗಂಟೆ ಬಾಕಿಯಿತ್ತು. ಇಬ್ಬರೂ ಏಳಲಿಲ್ಲ.

ದೇವರ ದೀಪ ಹಚ್ಚಿ ಬಂದ ಅತ್ತೆ ಪರದೆ ನೋಡಿ ನಿಂತರು. ಅವರು ಗದಗಿನವರು. ಆ ಮಹಿಳೆಯ ಹಿಂದಿನ ಕಿಟಕಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು.

“ಅಲ್ಲಿ ಬೆಳಗಾಗಾಕತ್ತೈತೇನು?”

“ಹೌದತ್ತೆ.”

“ಇವತ್ತಿಂದೋ, ನಾಳೇದೋ?”

“ಇವತ್ತಿಂದು.”

“ಚಾ ಆತೇನು ಕೇಳು.”

ಕೇಳಿದೆ. ಅವರು ಕಾಫಿ ಲೋಟ ಎತ್ತಿ ತೋರಿಸಿದರು.

“ಖಾಲಿ ಹೊಟ್ಟೀಲೆ ಕುಡಿಯಾಕತ್ತಾಳೇನು?”

ಅದನ್ನೂ ಹೇಳಿದೆ. ಆ ಮಹಿಳೆ ಎದ್ದು ಹೋಗಿ ಬಿಸ್ಕತ್ತು ತಂದುಕೊಂಡು ಕೂತರು.

ಚಳಿಗಾಲವಿಡೀ ನಾವು ಎಂಟಕ್ಕೆ ಬರುತ್ತಿದ್ದೆವು. ಮಾರ್ಚಿನಲ್ಲಿ ಮೇಷ್ಟ್ರ ಗಡಿಯಾರ ಮತ್ತೆ ಮುಂದಕ್ಕೆ ಹೋಯಿತು. ನಾವಿಬ್ಬರೂ ಬರುವ ಹೊತ್ತಿಗೆ ಎಲ್ಲರೂ ಕೈಬೀಸಿ ಹೊರಡುತ್ತಿದ್ದರು. ಎಲ್ಲರೂ ಹೋದ ಮೇಲೆ ನಾವಿಬ್ಬರೇ ಉಳಿದು ಮಾತಾಡಿದೆವು. ಮೇಷ್ಟ್ರಿಗೆ ಮಾತ್ರ ತುಂಬಾ ಬೇಜಾರಾಯಿತು. ಕ್ಷಮೆ ಕೇಳಿ, ಪ್ರತಿಯೊಬ್ಬರಿಗೂ ಅವರವರ ಊರಿನ ಸಮಯದಲ್ಲೇ ನೆನಪಿನ ಸಂದೇಶ ಹೋಗುವಂತೆ ಮಾಡಿದರು. ಆಮೇಲೆ ಯಾರೂ ತಪ್ಪಲಿಲ್ಲ.

ಎಲ್ಲರ ನಡುವೆ ನಾವೂ ಸರಿಯಾದ ಹೊತ್ತಿಗೆ ಬಂದು ಬೇರು ಕೊಳೆಯುವುದರ ಬಗ್ಗೆ ಕೇಳಿಸಿಕೊಂಡೆವು. ನಮ್ಮಿಬ್ಬರ ನಡುವೆ ಒಂದು ಮಾತೂ ಆಗುತ್ತಿರಲಿಲ್ಲ. ಕೆಲವು ವಾರ ಕಳೆದ ಮೇಲೆ ಅರಿಜೋನಾದಿಂದ ಸಂದೇಶ ಬಂತು: “ತಪ್ಪು ಸಮಯವೇ ಚೆನ್ನಾಗಿತ್ತು.”

ನನಗೂ ಹಾಗೇ ಅನ್ನಿಸಿತ್ತು, ಹೇಳಿರಲಿಲ್ಲ. ಮುಂದಿನ ಭಾನುವಾರ ಒಂದು ಗಂಟೆ ಮೊದಲೇ ಸೇರೋಣ ಎಂದು ಬರೆದೆ.

ಬೇಕೆಂದೇ ಬಂದು ಕೂತಾಗ ಹವಾಮಾನ ಹೇಗಿದೆ ಎಂದು ಅವರು ಎರಡು ಸಲ ಕೇಳಿದರು. ನಾನು ಎರಡು ಸಲವೂ ಹೇಳಿದೆ. ಕೊನೆಗೆ ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಆಕಿ ಯಾಕ ಕಾಲು ಒತ್ಕೊಳ್ಳಾಕತ್ತಾಳ?”

ಮಂಡಿನೋವು ಎಂದು ತಿಳಿಯಿತು. ಅತ್ತೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಲು ಹೇಳಿದರು. ಅವರು ಅಂಗಡಿ ಹುಡುಕಿ ತಂದು ವಾರವಿಡೀ ಹಚ್ಚಿಕೊಂಡರು. ನೋವು ಕಡಿಮೆಯಾಗಲಿಲ್ಲ.

“ಇನ್ನೊಂದು ವಾರ ಹಚ್ಚಲಿ,” ಎಂದರು ಅತ್ತೆ. ನಾನು ಹಾಗೆಯೇ ಅನುವಾದಿಸಿದೆ, ಅವರು ಆಗಲಿ ಎಂದು ತಲೆಯಾಡಿಸಿದರು.