ಬರೀ ಸಕ್ಕರೆ ನೀರು

ನಮ್ಮ ಅಡುಗೆಯಕ್ಕ ಮೂವತ್ತೊಂದು ವರ್ಷ ಅಡುಗೆ ಮಾಡಿದಳು. ಅದರಲ್ಲಿ ಒಂದು ತುತ್ತನ್ನೂ ಮನುಷ್ಯರು ತಿನ್ನಲಿಲ್ಲ, ತಿಂದದ್ದೆಲ್ಲ ಯೀಸ್ಟು. ಅವಳು ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. ಯೀಸ್ಟಿನ ಕಣಗಳು ಹೇಗೆ ಮುದಿಯಾಗುತ್ತವೆ, ಏನು ತಿಂದರೆ ಎಷ್ಟು ದಿನ ಬಾಳುತ್ತವೆ ಎಂದು ನೋಡುವುದು ಅಲ್ಲಿನವರ ಕೆಲಸ. ನೋಡುವವರು ಮಹಡಿಯ ಮೇಲೆ, ಬಡಿಸುವವಳು ನೆಲಮಾಳಿಗೆಯಲ್ಲಿ. ಅವಳ ಕೋಣೆಯಲ್ಲಿ ಎರಡು ತೊಟ್ಟಿ, ಒಂದು ಸೂಕ್ಷ್ಮ ತಕ್ಕಡಿ, ಪ್ರೆಶರ್ ಕುಕ್ಕರಿನ ಅಜ್ಜನಂತಹ ಒಂದು ಉಗಿಯಂತ್ರ ಇದ್ದವು. ಕಿಟಕಿ ಎಷ್ಟು ಮೇಲಿತ್ತೆಂದರೆ ರಸ್ತೆಯಲ್ಲಿ ಹೋಗುವವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಆ ಕೋಣೆಗೆ ಎಲ್ಲರೂ ಅಡುಗೆಮನೆ ಎನ್ನುತ್ತಿದ್ದರು, ಅವಳಿಗೆ ಅಡುಗೆಯಕ್ಕ.

ನಾನು ಅದೇ ಸಂಸ್ಥೆಯ ಕಚೇರಿಯ ಟೈಪಿಸ್ಟು. ಮಧ್ಯಾಹ್ನದ ಊಟ ಇಬ್ಬರದ್ದೂ ಒಟ್ಟಿಗೆ, ಅವಳ ಅಡುಗೆಮನೆಯಲ್ಲಿ, ತೊಟ್ಟಿಯ ಪಕ್ಕದ ಮರದ ಬೆಂಚಿನ ಮೇಲೆ. ಈ ಕಥೆಯಲ್ಲಿ ನನ್ನ ಕೈಯೂ ಸ್ವಲ್ಪ ಕೊಳೆಯಾಗಿದೆ. ಅದನ್ನು ಆಮೇಲೆ ಯಾರೋ ಎತ್ತಿ ತೋರಿಸುವ ಮೊದಲು ನಾನೇ ಹೇಳಿಬಿಡುತ್ತೇನೆ: ಅವಳ ಬದುಕಿಗೆ ಮಸಿ ಬಳಿದ ಮೂರು ವಾಕ್ಯಗಳನ್ನು ಟೈಪ್ ಮಾಡಿದವಳು ನಾನೇ.

ಬರೆಸಿದವರು ನಮ್ಮ ವಿಭಾಗದ ಮುಖ್ಯಸ್ಥರು. ನಾವು ‘ದೊಡ್ಡವರು’ ಎನ್ನುತ್ತಿದ್ದೆವು. ಎತ್ತರದಲ್ಲಿ ಅವರು ನನ್ನ ಭುಜಕ್ಕೆ ಬರುತ್ತಿದ್ದರು, ಆ ಮಾತು ಬಿಡಿ. ಕೆಲಸ ಆಗಬೇಕಿದ್ದರೆ ಅಕ್ಕನನ್ನು ‘ಅಮ್ಮಾ’ ಎನ್ನುವರು, ಆದ ಮೇಲೆ ‘ಏಯ್’. ಅವರ ಹೆಸರು ದೇಶದಾಚೆಗೂ ಹೋಗಿದ್ದು ಒಂದೇ ಒಂದು ಪ್ರಬಂಧದಿಂದ. ಎರಡು ತಿಂಗಳು ಊಟವಿಲ್ಲದೆ ಸೀಸೆಯಲ್ಲಿ ಬಿದ್ದು ಮುದಿಯಾದ ಯೀಸ್ಟನ್ನು ಮತ್ತೆ ಎಬ್ಬಿಸಿ ಬೆಳೆಸುವ ವಿಧಾನ ಅದರಲ್ಲಿತ್ತು. ಮೊದಲು ನಾಲ್ಕು ಗಂಟೆ ಬರೀ ಸಕ್ಕರೆ ನೀರು ಕೊಡಬೇಕು, ಆಮೇಲೆ ಪೂರ್ತಿ ಊಟ. ಹಾಗೆಂದು ಅಚ್ಚಾಗಿತ್ತು.

ಹಾಗೆ ಮಾಡಿದರೆ ಯೀಸ್ಟು ಸಾಯುತ್ತದೆ. ಇದು ಅಕ್ಕನಿಗೆ ಆ ಪ್ರಯೋಗದ ಮೊದಲ ವಾರವೇ ಗೊತ್ತಾಗಿತ್ತು. ಒಮ್ಮೆ ಊಟ ಮಾಡುತ್ತಾ ನನಗೂ ವಿವರಿಸಿದ್ದಳು.

“ನೋಡೇ, ಹಸಿದು ಹಸಿದು ಮುದಿಯಾಗಿರೋ ಜೀವ ಅದು. ಹೇಗೋ ಉಸಿರು ಹಿಡ್ಕೊಂಡು ಮಲಗಿರತ್ತೆ. ಬರೀ ಸಕ್ಕರೆ ಕೊಟ್ಟೆ ಅನ್ನು, ಓಹೋ ಒಳ್ಳೇ ಕಾಲ ಬಂತು ಅಂತ ಬೆಳೆಯೋಕೆ ಎದ್ದು ಕೂತ್ಕೊಳ್ಳತ್ತೆ. ಬೆಳೆಯೋಕೆ ಬರೀ ಸಕ್ಕರೆ ಸಾಕಾ? ಉಪ್ಪು ಬೇಕು, ಸಾರ ಬೇಕು. ಇಟ್ಟಿಗೆ ಸಿಮೆಂಟು ಇಲ್ದೆ ಮೇಸ್ತ್ರಿ ಒಬ್ಬನ್ನೇ ಕರೆಸಿದ ಹಾಗೆ. ಅಲ್ಲೇ ಸಾಯತ್ತೆ. ಅದರ ಬದಲು ಬರೀ ನೀರಲ್ಲಿ ಬಿಟ್ಟಿದ್ರೆ ಇನ್ನೂ ಒಂದು ತಿಂಗಳು ಬದುಕಿರ್ತಿತ್ತು.”

“ಮತ್ತೆ ಅವರದ್ದು ಹೇಗೆ ಬೆಳೀತು?”

“ನಾನು ಬೆಳೆಸ್ದೆ,” ಎಂದು ಅವಳು ಡಬ್ಬಿಯ ಮುಚ್ಚಳ ಹಾಕಿದಳು.

ಅವಳು ಮಾಡುತ್ತಿದ್ದದ್ದು ಇಷ್ಟೇ. ಸಕ್ಕರೆಯನ್ನು ಅರ್ಧಕ್ಕೆ ಇಳಿಸುವಳು, ಅದರ ಜೊತೆಗೇ ನಾಲ್ಕು ಬಗೆಯ ಉಪ್ಪು, ಒಂದು ಚಿಟಿಕೆ ಒಣಗಿಸಿದ ಸಾರದ ಪುಡಿ ಸೇರಿಸುವಳು. ಬಾಟಲಿಯ ಚೀಟಿಯ ಮೇಲೆ ಮಾತ್ರ, ದೊಡ್ಡವರು ಬರೆದುಕೊಟ್ಟಿದ್ದಂತೆ, ‘ಸಕ್ಕರೆ ನೀರು’ ಎಂದೇ ಬರೆಯುವಳು. ತನ್ನ ದಿನಚರಿ ಪುಸ್ತಕದಲ್ಲಿ ನಿಜವಾದ ಲೆಕ್ಕ ಬರೆದಿಡುವಳು. ಆ ಪುಸ್ತಕವನ್ನು ಯಾರೂ ತೆರೆದು ನೋಡಿರಲಿಲ್ಲ. ಅಡುಗೆಯವಳ ಪುಸ್ತಕ ಯಾರಿಗೆ ಬೇಕು?

ಪ್ರಬಂಧ ಅಚ್ಚಾದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಮಹಡಿ ಹತ್ತಿ ಹೋಗಿ, “ಸರ್, ಇದರಲ್ಲಿ ತಪ್ಪಿದೆ. ನಾನು ಹಾಕೋದು ಬರೀ ಸಕ್ಕರೆ ಅಲ್ಲ. ಬೇರೆಯವರು ಇದನ್ನ ಓದಿ ಮಾಡಿದ್ರೆ ಎಲ್ಲಾ ಸತ್ತುಹೋಗತ್ತೆ. ತಿದ್ದಿಬಿಡಿ,” ಎಂದಳು. ಕೋಣೆಯಲ್ಲಿ ಆರು ಜನ ಇದ್ದರು. ದೊಡ್ಡವರ ಮುಖ ಕಪ್ಪಿಟ್ಟಿತು. “ನಿನ್ನ ಕೆಲಸ ಸೀಸೆ ತೊಳೆಯೋದು. ತೊಳಿ, ಹೋಗು,” ಎಂದರು.

ಅಷ್ಟಕ್ಕೇ ಬಿಟ್ಟಿದ್ದರೆ ಅಕ್ಕ ನುಂಗಿಕೊಳ್ಳುತ್ತಿದ್ದಳು. ಗಂಡ ಹೋದ ಮೇಲೆ ಒಬ್ಬಳೇ ಮಗಳನ್ನು ಬೆಳೆಸಿದವಳಿಗೆ ನುಂಗಿಕೊಳ್ಳುವುದು ಹೊಸದಲ್ಲ. ಆದರೆ ಅವರಿಗೆ ಭಯ ಹತ್ತಿತ್ತು. ಈ ಹೆಂಗಸು ನಾಳೆ ಇನ್ನೆಲ್ಲಿ ಬಾಯಿ ಬಿಡುತ್ತಾಳೋ! ಅಂದೇ ಮಧ್ಯಾಹ್ನ ನನ್ನನ್ನು ಕರೆದು, ಅವಳ ಸೇವಾ ಪುಸ್ತಕಕ್ಕೆ ಸೇರಿಸಲು ಮೂರು ವಾಕ್ಯ ಹೇಳಿ ಬರೆಸಿದರು: ‘ಇವರು ಲಿಖಿತ ವಿಧಾನವನ್ನು ಪಾಲಿಸದೆ, ಸ್ವಂತ ಬುದ್ಧಿಯಿಂದ ಪೋಷಕಾಂಶಗಳನ್ನು ಸೇರಿಸುವ ಅಭ್ಯಾಸವುಳ್ಳವರು. ಇವರ ತೀರ್ಮಾನವನ್ನು ನಂಬುವಂತಿಲ್ಲ. ಇನ್ನು ಮುಂದೆ ಲಿಖಿತ ವಿಧಾನವನ್ನಷ್ಟೇ ಪಾಲಿಸತಕ್ಕದ್ದು.’ ನಾನು ಟೈಪ್ ಮಾಡಿದೆ. ಅಕ್ಕ ಓದಿ ಸಹಿ ಹಾಕಿದಳು. ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ. ಮುಂದೆಯೂ ಬರಲಿಲ್ಲ.

ನನ್ನ ಮೈ ಉರಿಯುವುದು ಆಮೇಲೆ ನಡೆದದ್ದಕ್ಕೆ. ಮೂರನೇ ದಿನ ಅದೇ ಮನುಷ್ಯ ನೆಲಮಾಳಿಗೆಗೆ ಇಳಿದು ಬಂದು, ಬೆಣ್ಣೆಯಂತಹ ದನಿಯಲ್ಲಿ, “ಅಮ್ಮಾ, ನೀನು ಹೇಗೆ ಮಾಡ್ತಿದ್ಯೋ ಹಾಗೇ ಮಾಡ್ಕೊಂಡು ಹೋಗು. ಕಾಗದದ ಮೇಲೆ ಬರೋದು ಬೇಡ ಅಷ್ಟೇ,” ಎಂದರು. ನಾನು ಬಾಗಿಲ ಬಳಿ ಡಬ್ಬಿ ಹಿಡಿದು ನಿಂತಿದ್ದೆ. ನನ್ನನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಎಂಟು ವರ್ಷ ಹೀಗೇ ನಡೆಯಿತು. ಬೇರೆ ಬೇರೆ ಕಡೆಯ ಸಂಶೋಧಕರು ಕಾಗದ ಬರೆಯುತ್ತಿದ್ದರು, ನಿಮ್ಮ ವಿಧಾನ ನಮ್ಮಲ್ಲಿ ಕೆಲಸ ಮಾಡುತ್ತಿಲ್ಲ, ಯೀಸ್ಟು ಏಳುತ್ತಿಲ್ಲ ಎಂದು. ‘ನಿಮ್ಮ ಕೈಚಳಕ ಸಾಲದು’ ಎಂದು ದೊಡ್ಡವರು ಉತ್ತರ ಬರೆಸುವರು. ಅದನ್ನೂ ನಾನೇ ಟೈಪ್ ಮಾಡಿದೆ. ಬೆರಳುಗಳಿಗೆ ನಾಚಿಕೆ ಇದ್ದಿದ್ದರೆ ಎಂದೋ ಉದುರಿಹೋಗುತ್ತಿದ್ದವು.

ನಮ್ಮ ಸಂಸ್ಥೆಯಲ್ಲಿ ಒಂದು ಪದ್ಧತಿಯಿದೆ. ಯಾರೇ ನಿವೃತ್ತರಾಗಲಿ, ಬೀಳ್ಕೊಡುಗೆಯ ದಿನ ವಿಭಾಗದ ಮುಖ್ಯಸ್ಥರು ನಿಂತು ಅವರ ಸೇವಾ ಪುಸ್ತಕದ ಷರಾಗಳನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಒಳ್ಳೆಯದೂ ಬಿಡಬಾರದು, ಕೆಟ್ಟದ್ದೂ ಬಿಡಬಾರದು. ಮನೆಯವರೆಲ್ಲ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಾರೆ. ಅಕ್ಕನ ನಿವೃತ್ತಿಗೆ ಎರಡು ತಿಂಗಳು ಉಳಿದಾಗ ಅವಳ ಊಟ ಕಡಿಮೆಯಾಯಿತು. ಯಾಕೆ ಎಂದು ಕೇಳಿದೆ.

“ಮಗಳು ಬರ್ತಾಳಲ್ಲೇ ಅವತ್ತು. ನರ್ಸ್ ಕೆಲಸ ಅವಳದ್ದು. ‘ನಮ್ಮಮ್ಮನ ಕೈ ಎಂದೂ ತಪ್ಪಿಲ್ಲ, ನಾನು ಔಷಧಿ ಅಳೆಯೋದು ಕಲಿತಿದ್ದೇ ಅವಳಿಂದ’ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾಳೆ. ಅವಳ ಎದುರು ‘ಇವರ ತೀರ್ಮಾನವನ್ನು ನಂಬುವಂತಿಲ್ಲ’ ಅಂತ ಓದಿದ್ರೆ...” ಮಾತು ಅಲ್ಲಿಗೇ ನಿಲ್ಲಿಸಿ ಎದ್ದುಹೋಗಿ ತೊಟ್ಟಿಯ ನಲ್ಲಿ ತಿರುಗಿಸಿದಳು. ತೊಳೆಯಲು ಅಲ್ಲಿ ಏನೂ ಇರಲಿಲ್ಲ.

ಮರುದಿನ ಮಹಡಿ ಹತ್ತಿದಳು. ಆ ಮೂರು ವಾಕ್ಯ ತೆಗೆಸಿ ಎಂದು ಕೈಮುಗಿದು ಕೇಳಿದಳು. ಕಡತ ಹಿಡಿದು ನಾನೂ ಅಲ್ಲೇ ಇದ್ದೆ. ದೊಡ್ಡವರು ತಲೆ ಎತ್ತಲಿಲ್ಲ. “ಶಾಯಿ ಒಣಗಿದ ಮೇಲೆ ಮುಗೀತು. ನೀನು ನಿಯಮ ಮೀರಿದ್ದು ನಿಜ ತಾನೇ?”

ಅಕ್ಕ ಮುಗಿದ ಕೈ ಕೆಳಗಿಳಿಸಿದಳು. ಆಮೇಲೆ, “ನಿಜ ಸರ್. ಇನ್ಮೇಲೆ ಮೀರಲ್ಲ,” ಎಂದಳು.

ಅವರಿಗೆ ಆ ಮಾತು ತಟ್ಟಲಿಲ್ಲ. ನನಗೆ ತಟ್ಟಿತು.

ಮುಂದಿನ ವಾರ ಹೊರಗಿನಿಂದ ಮೂವರ ಸಮಿತಿ ಬಂತು. ದೊಡ್ಡವರನ್ನು ಇಡೀ ಸಂಸ್ಥೆಗೇ ನಿರ್ದೇಶಕರನ್ನಾಗಿ ಮಾಡಬೇಕೋ ಬೇಡವೋ ಎಂದು ಅವರು ತೀರ್ಮಾನಿಸಬೇಕಿತ್ತು. ಮೂವರಲ್ಲಿ ಹಿರಿಯಳು ನರೆಗೂದಲಿನ ಒಬ್ಬ ಹೆಂಗಸು, ಮಾತು ಕಡಿಮೆ, ಕನ್ನಡಕದ ಮೇಲಿಂದ ನೋಟ. ಮುದಿ ಯೀಸ್ಟನ್ನು ಕಣ್ಣೆದುರೇ ಎಬ್ಬಿಸಿ ತೋರಿಸುತ್ತೇನೆಂದು ದೊಡ್ಡವರು ಎದೆಯುಬ್ಬಿಸಿ ಹೇಳಿದರು. ಅಕ್ಕ ಎರಡು ತಿಂಗಳ ಹಳೆಯ ಯೀಸ್ಟಿನ ಸೀಸೆ ತಂದಿಟ್ಟಳು. ಪಕ್ಕದಲ್ಲಿ ಬಾಟಲಿ ಇಟ್ಟಳು, ಚೀಟಿಯ ಮೇಲೆ ‘ಸಕ್ಕರೆ ನೀರು’. ಎಂಟು ವರ್ಷದಲ್ಲಿ ಮೊದಲ ಸಲ ಆ ಬಾಟಲಿಯೊಳಗೆ ಚೀಟಿಯಲ್ಲಿ ಬರೆದದ್ದೇ ಇತ್ತು.

ಅವಳು ಸುರಿಯಲಿಲ್ಲ. ಸುರಿದದ್ದು ದೊಡ್ಡವರೇ, ಅಂಗಿಯ ತೋಳು ಮಡಿಸಿಕೊಂಡು, ತಮ್ಮ ಕೈಯಾರೆ, ಭಾಷಣ ಮಾಡುತ್ತಾ. ಅಕ್ಕ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಅಂತಹ ತಣ್ಣನೆಯ ಸಿಟ್ಟನ್ನು ನಾನು ಎಂದೂ ಕಂಡಿರಲಿಲ್ಲ. ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ, ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ?

ಮೆಟ್ಟಿಲಿಳಿಯುವಾಗ ಅವಳು ಹೇಳಿದ್ದು ಒಂದೇ ಮಾತು. “ಪಾಪ ಕಣೇ, ಆ ಯೀಸ್ಟು ಏನು ಮಾಡಿತ್ತು.”

ನಾಲ್ಕು ಗಂಟೆ ಕಳೆದ ಮೇಲೆ, ಪೂರ್ತಿ ಊಟ ತುಂಬಿದ ಗಾಜಿನ ತಟ್ಟೆಗಳಿಗೆ ಅದನ್ನು ಸವರಿದರು. ಬದುಕಿರುವ ಒಂದೊಂದು ಕಣವೂ ಬೆಳೆದು ಒಂದೊಂದು ಬಿಳಿ ಚುಕ್ಕಿಯಾಗಬೇಕು. ಮೂರನೇ ದಿನ ಬೆಳಿಗ್ಗೆ ಎಲ್ಲರೆದುರು ಮುಚ್ಚಳ ತೆಗೆದರೆ ತಟ್ಟೆಗಳು ತೊಳೆದಿಟ್ಟಂತೆ ಖಾಲಿ. ದೊಡ್ಡವರ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ನಾಲಿಗೆಗೆ ಏನೂ ಆಗಿರಲಿಲ್ಲ. “ಅಡುಗೆಯವಳ ತಪ್ಪು. ಹಳೇ ಚಾಳಿ ಅವಳದ್ದು, ಏನೋ ಬೆರೆಸಿರ್ತಾಳೆ. ಬೇಕಾದ್ರೆ ಅವಳ ಸೇವಾ ಪುಸ್ತಕ ನೋಡಿ!” ಎಂದರು.

ನೋಡಿ ಎಂದವರು ಅವರೇ. ನಾನು ಕಾಯಲಿಲ್ಲ, ಓಡಿಹೋಗಿ ತಂದು ಹಿರಿಯಳ ಕೈಗೆ ಕೊಟ್ಟೆ. ಆಕೆ ಮೂರೂ ವಾಕ್ಯ ಓದಿ, ಅಕ್ಕನನ್ನು ಕರೆಸಿದರು.

“ಬಾಟಲಿಯಲ್ಲಿ ಏನು ಹಾಕಿದ್ರಿ?”

“ಬರೀ ಸಕ್ಕರೆ ನೀರು ಮೇಡಂ. ಪ್ರಬಂಧದಲ್ಲಿ ಇರೋ ಹಾಗೆ. ಬರೆದಿದ್ದನ್ನಷ್ಟೇ ಮಾಡಬೇಕು ಅಂತ ನನಗೆ ಆಜ್ಞೆ ಇದೆ, ಅಲ್ಲೇ ಕೆಳಗಡೆ ನನ್ನ ಸಹಿಯೂ ಇದೆ.”

“ಇದುವರೆಗೆ?”

ಅಕ್ಕ ಸೆರಗಿನೊಳಗಿಂದ ತನ್ನ ದಿನಚರಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಆಕೆ ಪುಟ ತಿರುವುತ್ತಾ ಹೋದರು. ದೊಡ್ಡವರು ಎರಡು ಸಲ ಬಾಯಿ ತೆರೆದರು, ಆಕೆ ಎರಡು ಸಲವೂ ಬೆರಳೆತ್ತಿ ಸುಮ್ಮನಾಗಿಸಿದರು. “ಅದೇ ದಿನ ಇಟ್ಟ ಇನ್ನೊಂದು ಸೀಸೆ ಇದ್ಯಾ?”

“ಇದೆ ಮೇಡಂ. ಎತ್ತಿಟ್ಟಿದ್ದೀನಿ.”

ಆ ಸೀಸೆಯ ಅರ್ಧಕ್ಕೆ ಪ್ರಬಂಧದಂತೆ, ಇನ್ನರ್ಧಕ್ಕೆ ಅಕ್ಕನ ಪುಸ್ತಕದಂತೆ ಊಟ ಕೊಟ್ಟರು. ಈ ಸಲ ತೂಗಿದ್ದು, ಬೆರೆಸಿದ್ದು, ಸವರಿದ್ದು ಎಲ್ಲ ಸಮಿತಿಯವರದ್ದೇ ಕೈ, ಕೋಣೆಗೆ ಅವರದ್ದೇ ಬೀಗ. ಮೂರು ದಿನದ ಮೇಲೆ ಒಂದು ಸಾಲಿನ ತಟ್ಟೆಗಳು ಮತ್ತೆ ಖಾಲಿ. ಇನ್ನೊಂದು ಸಾಲಿನಲ್ಲಿ ಎಣಿಸಲು ಬಾರದಷ್ಟು ಚುಕ್ಕಿಗಳು.

ದೊಡ್ಡವರಿಗೆ ನಿರ್ದೇಶಕ ಪದವಿ ಕೈತಪ್ಪಿತು. ಪ್ರಬಂಧದಲ್ಲಿ ತಪ್ಪಿದೆಯೆಂದು, ಅದನ್ನು ಎಂಟು ವರ್ಷದ ಹಿಂದೆಯೇ ಅಡುಗೆಮನೆಯವರು ತಿಳಿಸಿದ್ದರೆಂದು ಅವರೇ ಬರೆದು ಅಚ್ಚಿಗೆ ಕಳಿಸಬೇಕಾಯಿತು. ಆ ಕಾಗದ ಟೈಪ್ ಮಾಡುವಾಗ ನಾನು ಬೇಕೆಂದೇ ಮೂರು ಸಲ ತಪ್ಪು ಮಾಡಿ, ಮೂರು ಸಲವೂ ಅವರಿಂದ ಮತ್ತೆ ಹೇಳಿಸಿಕೊಂಡೆ.

ಬೀಳ್ಕೊಡುಗೆಯ ಹಿಂದಿನ ದಿನ, ನಾವು ಊಟಕ್ಕೆ ಕೂತಿದ್ದಾಗ, ಅವರು ನೆಲಮಾಳಿಗೆಗೆ ಇಳಿದು ಬಂದರು. “ಅಮ್ಮಾ, ಆ ಪುಟ ತೆಗೆಸಿಬಿಡ್ತೀನಿ. ನಾಳೆ ಓದೋದು ಬೇಡ. ನಿನಗೂ ಮುಜುಗರ.”

ನಾನು ಅಕ್ಕನ ಮುಖ ನೋಡಿದೆ. ಎರಡು ತಿಂಗಳ ಹಿಂದೆ ಕೈಮುಗಿದು ಬೇಡಿದ್ದು ಇದನ್ನೇ. ಅವಳು ಬಾಯಲ್ಲಿದ್ದ ತುತ್ತು ನಿಧಾನವಾಗಿ ಅಗಿದು ನುಂಗಿ, ನೀರು ಕುಡಿದು, ಹೇಳಿದಳು: “ಶಾಯಿ ಒಣಗಿ ಎಂಟು ವರ್ಷ ಆಯ್ತಲ್ಲ ಸರ್. ಇರಲಿ ಬಿಡಿ. ಓದಿ.”

ಮರುದಿನ ಸಭಾಂಗಣ ತುಂಬಿತ್ತು. ಕಥೆ ಎಲ್ಲರಿಗೂ ಗೊತ್ತಿತ್ತು, ಕಾವಲುಗಾರನಿಗೂ. ಮುಂದಿನ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ನರ್ಸ್ ಬಟ್ಟೆಯಲ್ಲೇ ಓಡಿ ಬಂದಿದ್ದ ಮಗಳು. ದೊಡ್ಡವರು ಸೇವಾ ಪುಸ್ತಕ ಹಿಡಿದು ನಿಂತರು. ಸೇರಿದ ದಿನ, ರಜೆ, ಶ್ಲಾಘನೆ ಎಲ್ಲವನ್ನೂ ಸರಾಗವಾಗಿ ಓದಿದರು. ಆ ಪುಟ ಬಂದಾಗ ದನಿ ತಗ್ಗಿತು. ಏನೋ ಗೊಣಗಿ ಪುಟ ಮಗುಚಲು ಹೋದರು.

“ಕೇಳಿಸ್ಲಿಲ್ಲ ಸರ್,” ಎಂದಳು ಅಕ್ಕ, ಕೂತಲ್ಲಿಂದಲೇ. “ಇನ್ನೊಂದ್ಸಲ ಓದಿ. ಗಟ್ಟಿಯಾಗಿ.”

ಅವರು ಪುಟವನ್ನು ಮತ್ತೆ ನೇರ ಮಾಡಿಕೊಂಡು ಓದಿದರು: “ಇವರು ಲಿಖಿತ ವಿಧಾನವನ್ನು ಪಾಲಿಸದೆ, ಸ್ವಂತ ಬುದ್ಧಿಯಿಂದ ಪೋಷಕಾಂಶಗಳನ್ನು ಸೇರಿಸುವ ಅಭ್ಯಾಸವುಳ್ಳವರು.” ಮಗಳು ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ನಾನು, ಆಮೇಲೆ ಇಡೀ ಸಭೆ. ಅದು ನಿಲ್ಲುವವರೆಗೆ ಅವರು ಪುಸ್ತಕ ಹಿಡಿದುಕೊಂಡೇ ನಿಂತಿರಬೇಕಾಯಿತು.

ಚಪ್ಪಾಳೆ ನಿಂತ ಮೇಲೆ ಅಕ್ಕ ಮತ್ತೆ ಬಾಯಿ ತೆರೆದಳು.

“ಇನ್ನೂ ಎರಡು ವಾಕ್ಯ ಇದೆ ಸರ್.”